ನೆರೆಯವರ ಕುದುರೆಗೆ ನಿಮ್ಮ ಸವಾರಿ ಅಂಕಣ ಬಿಟ್ಟುಕೊಡುವ ಮುನ್ನ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆ ಕೊಂಡವರಿಗೆ ಕೆಲವೊಮ್ಮೆ ಮನೆಯ ಜೊತೆಗೆ ಒಂದೆರಡು ಎಕರೆ ಹುಲ್ಲುಗಾವಲು, ಒಂದು ಲಾಯ, ಅದರ ಪಕ್ಕದಲ್ಲಿ ಮರದ ಬೇಲಿ ಹಾಕಿದ ಮರಳಿನ ಸವಾರಿ ಅಂಕಣವೂ ಸಿಗುತ್ತದೆ. ಊರವರು ಅದನ್ನು ಸ್ಕೂಲ್ ಎಂದೋ ಮೆನಾಜ್ ಎಂದೋ ಕರೆಯುತ್ತಾರೆ. ಸಾಮಾನ್ಯವಾಗಿ ಅದರ ಅಗಲ 20 ಮೀಟರ್, ಉದ್ದ 40 ಮೀಟರ್; ಕುದುರೆಗೆ ಶಿಸ್ತಿನ ನಡೆಗಳನ್ನು ಕಲಿಸುವ ಡ್ರೆಸ್ಸಾಜ್ ಅಭ್ಯಾಸ ಮಾಡುವವರು ಕಟ್ಟಿಸಿದ್ದಾದರೆ ಉದ್ದ 60 ಮೀಟರ್ ಇರುತ್ತದೆ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗಿ, ಹೊಲಗಳೆಲ್ಲ ಕೆಸರಾಗಿ, ಕಿರಿದಾದ ಹಳ್ಳಿರಸ್ತೆಯಲ್ಲಿ ಕಾರುಗಳ ನಡುವೆ ಸವಾರಿ ಮಾಡುವುದು ಅಪಾಯವೆನಿಸುವ ಹೊತ್ತಿನಲ್ಲಿ, ಕುದುರೆ ಸಾಕಿದ ನೆರೆಯವರು ನಿಮ್ಮ ಅಂಕಣದ ಕಡೆ ನೋಡಿ ‘ವಾರಕ್ಕೊಮ್ಮೆ ನಾವೂ ಬಳಸಬಹುದೇ’ ಎಂದು ಕೇಳುವುದು ತೀರ ಸಹಜ.

‘ಅದಕ್ಕೇನಂತೆ, ಬನ್ನಿ’ ಎಂದುಬಿಡುವುದು ನಮ್ಮವರ ಜಾಯಮಾನ. ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ. ತೊಂದರೆಯಾಗುವುದು ಮಾತು ಅಷ್ಟಕ್ಕೇ ನಿಂತಾಗ: ಒಬ್ಬರಿಗೆ ಕೊಟ್ಟ ಅನುಮತಿಯಲ್ಲಿ ಅವರ ಗೆಳತಿಯರು ಬರುತ್ತಾರೆ, ಭಾನುವಾರ ಬೆಳಿಗ್ಗೆ ನಿಮ್ಮ ಮಗಳು ಜೀನು ಹಾಕಿಕೊಂಡು ಹೊರಟರೆ ಅಂಕಣದಲ್ಲಿ ಆಗಲೇ ಎರಡು ಕುದುರೆಗಳಿರುತ್ತವೆ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನೀವು ಸುಮ್ಮನಿರುತ್ತೀರಿ, ಒಂದು ದಿನ ಸುಮ್ಮನಿರಲಾಗದೆ ಸಿಡಿಯುತ್ತೀರಿ. ಈ ಬರಹದಲ್ಲಿ ನಾನು ಹೇಳುವುದೆಲ್ಲ ಎರಡು ಮಾತಿನ ವಿಸ್ತಾರ. ಅನುಮತಿಯನ್ನು ಅನುಮತಿಯೆಂದೇ ಬರೆದು ಕೊಡಿ. ಹಣ ಪಡೆಯುವುದಾದರೆ ಅದರಿಂದ ಏನೇನು ಬದಲಾಗುತ್ತದೆಂದು ತಿಳಿದ ಮೇಲೆಯೇ ಪಡೆಯಿರಿ. ಇಲ್ಲಿ ಬರುವ ಕಾನೂನು ಇಂಗ್ಲೆಂಡಿನದು. ಸ್ಕಾಟ್ಲೆಂಡಿನ ಕಾನೂನು ಬೇರೆಯಾದ್ದರಿಂದ ಅಲ್ಲಿರುವವರು ಇದನ್ನು ನೇರವಾಗಿ ಅನ್ವಯಿಸಿಕೊಳ್ಳಬಾರದು.

ಮೊದಲು ಹಳೆಯ ಕಾಗದ ತೆಗೆದು ನೋಡಿ

ನೆರೆಯವರಿಗೆ ಉತ್ತರ ಕೊಡುವ ಮೊದಲು ನಿಮ್ಮ ಅಂಕಣಕ್ಕೆ ಸ್ಥಳೀಯ ಕೌನ್ಸಿಲ್ ಕೊಟ್ಟ ಪ್ಲಾನಿಂಗ್ ಪರವಾನಗಿಯನ್ನು ಹುಡುಕಿ ಓದಿ. ಕೃಷಿಭೂಮಿಯನ್ನು ಅಗೆದು, ಜಲ್ಲಿ ತುಂಬಿ, ಮರಳು ಹರಡಿ ಅಂಕಣ ಮಾಡುವುದಕ್ಕೆ ಸಾಮಾನ್ಯವಾಗಿ ಪರವಾನಗಿ ಬೇಕು, ಮತ್ತು ಆ ಪರವಾನಗಿಯ ಕೊನೆಯ ಪುಟಗಳಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಬಹಳ ಕಡೆ ಕಾಣುವ ಷರತ್ತು ಒಂದಿದೆ: ಈ ಅಂಕಣವನ್ನು ಮನೆಯಲ್ಲಿ ವಾಸಿಸುವವರು ತಮ್ಮ ಖಾಸಗಿ ಬಳಕೆಗೆ ಮಾತ್ರ ಉಪಯೋಗಿಸತಕ್ಕದ್ದು, ವ್ಯಾಪಾರಕ್ಕಾಗಲಿ, ಸವಾರಿ ಶಾಲೆಗಾಗಲಿ, ಬೇರೆಯವರ ಕುದುರೆಗಳನ್ನು ಸಾಕುವುದಕ್ಕಾಗಲಿ ಬಳಸತಕ್ಕದ್ದಲ್ಲ. ಪದಗಳ ಆಯ್ಕೆಯ ಮೇಲೆ ಇಲ್ಲಿ ಎಲ್ಲವೂ ನಿಂತಿದೆ. ‘ವ್ಯಾಪಾರಕ್ಕೆ ಬಳಸಬಾರದು’ ಎಂದಷ್ಟೇ ಇದ್ದರೆ ಪಕ್ಕದ ಮನೆಯವರು ಹಣ ಕೊಡದೆ ಆಗೀಗ ಬಂದು ಸವಾರಿ ಮಾಡುವುದಕ್ಕೆ ಅಡ್ಡಿ ಇರಲಾರದು. ‘ಮನೆಯ ನಿವಾಸಿಗಳು ಮಾತ್ರ’ ಎಂದಿದ್ದರೆ ಹಣವಿಲ್ಲದ ಬಳಕೆಯೂ, ಅದು ನಿಯಮಿತವಾದಾಗ, ಷರತ್ತಿನ ಉಲ್ಲಂಘನೆಯಾಗಬಹುದು. ಬೆಳಕಿನ ಬಗೆಗೂ ಷರತ್ತು ಇರುತ್ತದೆ. ಕೆಲವು ಅಂಕಣಗಳಿಗೆ ಫ್ಲಡ್‌ಲೈಟ್ ಹಾಕುವಂತೆಯೇ ಇಲ್ಲ, ಕೆಲವಕ್ಕೆ ಇಂತಿಷ್ಟು ಗಂಟೆಗೆ ಆರಿಸಬೇಕೆಂದಿರುತ್ತದೆ.

ಷರತ್ತು ನಿಮಗೆ ಒಗ್ಗದಿದ್ದರೆ ಅದನ್ನು ಬದಲಿಸಿಕೊಡಿ ಎಂದು 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 73ನೇ ಸೆಕ್ಷನ್ನಿನಡಿ ಕೌನ್ಸಿಲಿಗೆ ಅರ್ಜಿ ಹಾಕಬಹುದು. ಯಾರಿಗೂ ಗೊತ್ತಾಗುವುದಿಲ್ಲ ಬಿಡಿ ಎನ್ನುವವರು ಒಂದು ಸಂಗತಿ ನೆನಪಿಡಬೇಕು. ಹಳ್ಳಿಯಲ್ಲಿ ಕೌನ್ಸಿಲಿಗೆ ದೂರು ಹೋಗುವುದು ಕುದುರೆಯ ಕಾರಣಕ್ಕಲ್ಲ. ಕಿರಿದಾದ ಓಣಿಯಲ್ಲಿ ಅಡ್ಡ ನಿಂತ, ಕುದುರೆ ಸಾಗಿಸುವ ಹಾರ್ಸ್‌ಬಾಕ್ಸ್ ಲಾರಿಯ ಕಾರಣಕ್ಕೆ, ಎದುರು ಮನೆಯ ಮಲಗುವ ಕೋಣೆಗೆ ಬೀಳುವ ದೀಪದ ಕಾರಣಕ್ಕೆ. ಆದ್ದರಿಂದ ಕುದುರೆಯ ಮೇಲೆ ಕುಳಿತೇ ಅಥವಾ ಕುದುರೆಯನ್ನು ನಡೆಸಿಕೊಂಡೇ ಬರಬಲ್ಲಷ್ಟು ಹತ್ತಿರದವರಿಗೆ ಮಾತ್ರ ಅನುಮತಿ ಕೊಡುವುದು ಒಳ್ಳೆಯ ನಿಯಮ. ಗಾಡಿ ಇಲ್ಲದಿದ್ದರೆ ಅರ್ಧ ಕಿರಿಕಿರಿ ಇಲ್ಲ.

ಹಣದ ಮಾತು

ನೆರೆಯವರು ಸಂಕೋಚದಿಂದ ‘ಗಂಟೆಗೆ ಹತ್ತು ಪೌಂಡ್ ಕೊಡುತ್ತೇವೆ’ ಎನ್ನಬಹುದು. ಅದನ್ನು ಪಡೆದ ಕೂಡಲೇ ನಿಮ್ಮ ಉಪಕಾರವು ಬಾಡಿಗೆಯಾಗುತ್ತದೆ. ಪ್ಲಾನಿಂಗ್ ಷರತ್ತಿನ ದೃಷ್ಟಿಯಿಂದ ಅದು ವ್ಯಾಪಾರದ ಬಳಕೆಯೆನ್ನಿಸಿಕೊಳ್ಳಬಹುದು. ಮನೆಯ ವಿಮೆಯಲ್ಲಿ ಸೇರಿರುವ ಹೊಣೆಗಾರಿಕೆಯ ರಕ್ಷಣೆ ಸಾಮಾನ್ಯವಾಗಿ ವ್ಯಾಪಾರದ ಚಟುವಟಿಕೆಯನ್ನು ಹೊರಗಿಡುತ್ತದೆ. ‘ಗಾಯವಾದರೆ ನಾನು ಜವಾಬ್ದಾರನಲ್ಲ’ ಎಂದು ನೀವು ಬರೆಸಿಕೊಳ್ಳುವ ಕಾಗದದ ಬೆಲೆಯೂ ಬದಲಾಗುತ್ತದೆ: ವ್ಯಾಪಾರದ ಹೊಣೆಯಾದಾಗ, ನಿಮ್ಮ ಅಲಕ್ಷ್ಯದಿಂದ ಯಾರಿಗಾದರೂ ಸಾವೋ ಗಾಯವೋ ಆದರೆ ಅದರ ಹೊಣೆಯನ್ನು ಯಾವ ಕಾಗದದಿಂದಲೂ ಕಳಚಿಕೊಳ್ಳಲು 1977ರ ಅನ್‌ಫೇರ್ ಕಾಂಟ್ರ್ಯಾಕ್ಟ್ ಟರ್ಮ್ಸ್ ಕಾಯ್ದೆ ಮತ್ತು ಗ್ರಾಹಕರ ವಿಷಯದಲ್ಲಿ 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆ ಬಿಡುವುದಿಲ್ಲ. ತೆರಿಗೆಯ ಭಾಗ ಮಾತ್ರ ಹಗುರ. ಇಂಥ ಸಣ್ಣ ವ್ಯವಹಾರದ ಒಟ್ಟು ಆದಾಯ ತೆರಿಗೆ ವರ್ಷವೊಂದರಲ್ಲಿ 1,000 ಪೌಂಡ್ ಮೀರದಿದ್ದರೆ 2017ರಿಂದ ಇರುವ ವಿನಾಯಿತಿ ಸಾಮಾನ್ಯವಾಗಿ ಸಾಕಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಒಂದಿಬ್ಬರು ನೆರೆಯವರ ಮಟ್ಟಿಗೆ ಹಣ ಮುಟ್ಟದಿರುವುದೇ ಮೇಲು. ಋಣ ತೀರಿಸಬೇಕೆನ್ನುವವರು ಕೆಲಸದಿಂದ ತೀರಿಸಲಿ: ತಾವು ಬಂದ ದಿನ ಲದ್ದಿ ಎತ್ತಲಿ, ತಿಂಗಳಿಗೊಮ್ಮೆ ಕುಂಟೆ ಹೊಡೆಯಲಿ, ನೀವು ಊರಿಗೆ ಹೋದಾಗ ನಿಮ್ಮ ಕುದುರೆಗೆ ಹುಲ್ಲು ನೀರು ನೋಡಿಕೊಳ್ಳಲಿ. ಹಣವನ್ನೇ ಪಡೆಯುವ ತೀರ್ಮಾನ ಮಾಡಿದರೆ ಅದನ್ನು ಅರ್ಧಂಬರ್ಧ ಮಾಡಬೇಡಿ. ಪ್ಲಾನಿಂಗ್ ಷರತ್ತು ಬದಲಿಸಿಕೊಂಡು, ಅಂಕಣ ಬಾಡಿಗೆಗೆಂದೇ ಇರುವ ವಿಮೆ ಮಾಡಿಸಿ, ನಂತರ ಶುರುಮಾಡಿ. ಬೇರೆಯವರು ತಮ್ಮ ಕುದುರೆಯನ್ನು ತಂದು ನಿಮ್ಮ ಅಂಕಣದಲ್ಲಿ ಸವಾರಿ ಮಾಡುವುದಕ್ಕೂ, ನಿಮ್ಮ ಕುದುರೆಯನ್ನೇ ಅವರಿಗೆ ಹಣಕ್ಕೆ ಸವಾರಿಗೆ ಕೊಡುವುದಕ್ಕೂ ದೊಡ್ಡ ಅಂತರವಿದೆ. ಎರಡನೆಯದನ್ನು ವ್ಯಾಪಾರವಾಗಿ ನಡೆಸಲು 2018ರ ಪ್ರಾಣಿ ಕಲ್ಯಾಣ ಪರವಾನಗಿ ನಿಯಮಗಳ ಪ್ರಕಾರ ಕೌನ್ಸಿಲಿನಿಂದ ಲೈಸೆನ್ಸ್ ಬೇಕು.

ಹೊಣೆ ಯಾರದು

ನಿಮ್ಮ ಅನುಮತಿಯಿಂದ ಒಳಗೆ ಬಂದವರು, 1957ರ ಆಕ್ಯುಪೈಯರ್ಸ್ ಲಯಬಿಲಿಟಿ ಕಾಯ್ದೆಯ ಅರ್ಥದಲ್ಲಿ, ನಿಮ್ಮ ಸಂದರ್ಶಕರು. ಅವರು ಬಂದ ಉದ್ದೇಶಕ್ಕೆ ಜಾಗ ಸಾಕಷ್ಟು ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ. ಕುದುರೆಯಿಂದ ಬೀಳುವುದು ಸವಾರಿಯ ಸಹಜ ಅಪಾಯ, ಅದನ್ನು ಸವಾರರು ತಾವೇ ಒಪ್ಪಿಕೊಂಡು ಬಂದಿರುತ್ತಾರೆ. ಆದರೆ ಮುರಿದ ಬೇಲಿಯ ಮೊಳೆಗೆ ಮೊಣಕಾಲು ಸೀಳಿದರೆ, ಮರಳಿನಡಿ ಹಾಸಿರುವ ಬಟ್ಟೆ ಮೇಲೆದ್ದು ಕುದುರೆಯ ಗೊರಸಿಗೆ ಸಿಕ್ಕಿ ಅದು ಮುಗ್ಗರಿಸಿದರೆ, ಆ ಪ್ರಶ್ನೆ ನಿಮ್ಮ ಬಾಗಿಲಿಗೇ ಬರುತ್ತದೆ. ಮಕ್ಕಳು ದೊಡ್ಡವರಷ್ಟು ಎಚ್ಚರವಾಗಿರುವುದಿಲ್ಲ ಎಂಬುದನ್ನು ಜಾಗದ ಒಡೆಯ ಮೊದಲೇ ಊಹಿಸಿರಬೇಕೆಂದು ಆ ಕಾಯ್ದೆ ಬಿಡಿಸಿ ಹೇಳುತ್ತದೆ.

ಕುದುರೆ ಮಾಡುವ ಹಾನಿಗೆ 1971ರ ಅನಿಮಲ್ಸ್ ಕಾಯ್ದೆ ಇದೆ. ಅದರಡಿ ಹೊಣೆ ಬೀಳುವುದು ಕುದುರೆಯ ಪಾಲಕರ ಮೇಲೆ. ಕೆಲವು ಸಂದರ್ಭಗಳಲ್ಲಿ ಅವರದು ಏನೂ ತಪ್ಪಿಲ್ಲದಿದ್ದರೂ ಬೀಳುತ್ತದೆ. ಏನನ್ನೋ ಕಂಡು ಬೆದರಿದ ಕುದುರೆಗಳು ರಾತ್ರಿ ಬೇಲಿ ದಾಟಿ ಡೆವನ್‌ನ ಹೆದ್ದಾರಿಗೆ ನುಗ್ಗಿ ಕಾರಿಗೆ ಬಡಿದ ಪ್ರಕರಣದಲ್ಲಿ, ಬೇಲಿ ಸರಿಯಾಗಿಯೇ ಇತ್ತೆಂದು ಒಪ್ಪಿಯೂ, ಪಾಲಕರೇ ಹೊಣೆಯೆಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ಬಹುಮತದಿಂದ ತೀರ್ಪು ಕೊಟ್ಟಿತು. ಕುದುರೆಯ ಒಡೆಯರು 16 ವರ್ಷದೊಳಗಿನ ಮಗುವಾಗಿದ್ದರೆ ಆ ಮನೆಯ ಯಜಮಾನರು ಪಾಲಕರೆನಿಸುತ್ತಾರೆ. ಹೀಗಾಗಿ ಅಂಕಣಕ್ಕೆ ಬರುವ ಪ್ರತಿಯೊಬ್ಬರ ಬಳಿಯೂ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇರಲೇಬೇಕೆಂದು ಕೇಳುವುದು ಅವರ ಮೇಲಿನ ಅಪನಂಬಿಕೆಯಲ್ಲ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವದ ಜೊತೆಗೇ ಇಂಥ ವಿಮೆ ಬರುವುದರಿಂದ ಅಲ್ಲಿನ ಬಹುತೇಕ ಸವಾರರಿಗೆ ಈ ಬೇಡಿಕೆ ಹೊಸದೂ ಅಲ್ಲ. ಅದರ ಪ್ರತಿಯನ್ನು ಪಡೆದು, ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ವಿಮಾ ಕಂಪನಿಗೂ ‘ಇಂಥಿಂಥವರು ಹಣ ಕೊಡದೆ ತಮ್ಮ ಕುದುರೆಯೊಂದಿಗೆ ಬಂದು ಬಳಸುತ್ತಾರೆ’ ಎಂದು ಇಮೇಲ್ ಬರೆದು, ಒಪ್ಪಿಗೆಯ ಉತ್ತರವನ್ನು ತೆಗೆದಿಡಿ. ಫೋನಿನಲ್ಲಿ ಕೇಳಿದ ‘ತೊಂದರೆಯಿಲ್ಲ’ ಎಂಬ ಮಾತನ್ನು ನಂಬಿ ಕೂರಬೇಡಿ.

ಅನುಮತಿ ಪತ್ರ

ಒಂದು ಪುಟದ ಪತ್ರ ಸಾಕು. ಅದರಲ್ಲಿ ಇರಬೇಕಾದ ಸಾರ ಹೀಗೆ: ‘ನನ್ನ ಸವಾರಿ ಅಂಕಣವನ್ನು ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ನಿಮ್ಮ ಎರಡು ಕುದುರೆಗಳ ಸವಾರಿಗೆ ಬಳಸಲು ನಿಮಗೆ ಅನುಮತಿ ನೀಡಿದ್ದೇನೆ. ಈ ಅನುಮತಿ ನಿಮಗೆ ವೈಯಕ್ತಿಕವಾದದ್ದು, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆ ಸಮಯದಲ್ಲಿಯೂ ನಾನಾಗಲಿ ನನ್ನ ಮನೆಯವರಾಗಲಿ ಅಂಕಣವನ್ನು ಬಳಸಬಹುದು. ನೆಲ ಹೆಪ್ಪುಗಟ್ಟಿದಾಗ, ನೀರು ನಿಂತಾಗ ಅಥವಾ ಕುದುರೆಗಳಲ್ಲಿ ರೋಗದ ಅನುಮಾನ ಬಂದಾಗ ಮುನ್ಸೂಚನೆ ಇಲ್ಲದೆ ಅಂಕಣವನ್ನು ಮುಚ್ಚಬಹುದು. ಎರಡು ಕಡೆಯವರಲ್ಲಿ ಯಾರೇ ಆಗಲಿ ಎರಡು ವಾರಗಳ ಮುನ್ಸೂಚನೆ ಕೊಟ್ಟು ಈ ಏರ್ಪಾಡನ್ನು ನಿಲ್ಲಿಸಬಹುದು.’ ಇಬ್ಬರೂ ಸಹಿ ಮಾಡಿ, ತಾರೀಖು ಹಾಕಿ, ವರ್ಷಕ್ಕೊಮ್ಮೆ ಹೊಸ ಪತ್ರ ಬರೆಯಿರಿ.

ಈ ಸಾಲುಗಳು ಒಣ ಶಿಷ್ಟಾಚಾರಕ್ಕಲ್ಲ. ಇಂಗ್ಲೆಂಡಿನಲ್ಲಿ ಇನ್ನೊಬ್ಬರ ಜಮೀನನ್ನು 20 ವರ್ಷ ಕಾಲ ಬಲಾತ್ಕಾರವಿಲ್ಲದೆ, ಗುಟ್ಟಿಲ್ಲದೆ, ಅನುಮತಿಯೂ ಇಲ್ಲದೆ ಬಳಸುತ್ತ ಬಂದವರು ಅದು ತಮ್ಮ ಹಕ್ಕೆಂದು ವಾದಿಸಲು ದಾರಿಯಿದೆ. ಒಡೆಯರ ಅನುಮತಿ ಇದ್ದರೆ ಆ ವಾದ ನಿಲ್ಲುವುದಿಲ್ಲ. ಆಟ ವಿಹಾರಗಳಿಗಾಗಿ ಇನ್ನೊಬ್ಬರ ಜಾಗವನ್ನು ಬಳಸುವುದು ಶಾಶ್ವತ ಹಕ್ಕಾಗಲಾರದು ಎಂದು ಬಹುಕಾಲ ನಂಬಿದವರಿದ್ದರು; ಕೆಂಟ್‌ನ ಎಸ್ಟೇಟ್ ಒಂದರ ಈಜುಕೊಳ, ಗಾಲ್ಫ್ ಮೈದಾನ, ಟೆನಿಸ್ ಅಂಕಣಗಳ ವಿಷಯದಲ್ಲಿ ಅಂಥ ಹಕ್ಕು ಇರಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ಹಕ್ಕನ್ನು ದಸ್ತಾವೇಜಿನಲ್ಲೇ ಬರೆದುಕೊಡಲಾಗಿತ್ತು ಎಂಬುದು ನಿಜ. ಆದರೂ ‘ನೀವು ಯಾವಾಗ ಬೇಕಾದರೂ, ಎಷ್ಟು ವರ್ಷ ಬೇಕಾದರೂ ಬನ್ನಿ’ ಎಂಬ ಉದಾರ ವಾಕ್ಯವನ್ನು ಕಾಗದದ ಮೇಲೆ ಬರೆಯದಿರುವುದು ಜಾಣತನ. ಅಂಕಣದ ಕೀಲಿಯನ್ನು ಪೂರ್ತಿಯಾಗಿ ಅವರ ಕೈಗಿತ್ತು ನೀವು ದೂರ ನಿಲ್ಲುವುದೂ ಬೇಡ. ಇಡಿಯಾಗಿ ಒಬ್ಬರ ಸ್ವಾಧೀನಕ್ಕೆ ಬಾಡಿಗೆಗೆ ಬಿಟ್ಟ ಜಾಗ ಗೇಣಿಯ ಸ್ವರೂಪ ಪಡೆಯುತ್ತದೆ.

ಕುದುರೆಯ ಆರೋಗ್ಯ

ಹೊರಗಿನ ಕುದುರೆ ನಿಮ್ಮ ಅಂಗಳಕ್ಕೆ ಬಂದಿತೆಂದರೆ ಅದರ ಜೊತೆ ರೋಗವೂ ಬರಬಹುದು. ಅಲ್ಲಿನ ಕುದುರೆ ಸಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಸ್ಟ್ರ್ಯಾಂಗಲ್ಸ್ ಎಂಬ ಬ್ಯಾಕ್ಟೀರಿಯಾ ಸೋಂಕಿಗೆ. ಜ್ವರ, ಮೂಗಿನಿಂದ ಗಟ್ಟಿ ಸಿಂಬಳ, ದವಡೆಯ ಕೆಳಗೆ ಗಂಟು ಇದರ ಗುರುತುಗಳು. ಗುಣವಾದಂತೆ ಕಂಡ ಕುದುರೆ ಗಂಟಲಿನ ಚೀಲಗಳಲ್ಲಿ ಸೋಂಕನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಹರಡಬಲ್ಲದು. ಇದು ಕುದುರೆಯಿಂದ ಕುದುರೆಗೆ ಮೂತಿ ತಾಗಿಸಿದಾಗ ಮಾತ್ರವಲ್ಲ, ಒಂದೇ ಬಕೆಟಿನ ನೀರಿನಿಂದ, ಒಂದೇ ಲಗಾಮಿನಿಂದ, ಸವಾರರ ಕೈಯಿಂದಲೂ ಹಬ್ಬುತ್ತದೆ. ಆದ್ದರಿಂದ ಬಂದವರು ತಮ್ಮ ಬಕೆಟು, ತಮ್ಮ ಬ್ರಷ್ಷು ತಾವೇ ತರಲಿ, ತಮ್ಮ ಕುದುರೆಯನ್ನು ನಿಮ್ಮ ಲಾಯದ ಸಾಲಿನತ್ತ ತರದೆ ನೇರವಾಗಿ ಅಂಕಣಕ್ಕೆ ಒಯ್ಯಲಿ. ಕುದುರೆ ಫ್ಲೂ ವಿರುದ್ಧ ಲಸಿಕೆ ಆಗಿದೆಯೇ ಎಂಬುದನ್ನು ಕುದುರೆಯ ಪಾಸ್‌ಪೋರ್ಟ್ ಎಂಬ ಗುರುತಿನ ದಾಖಲೆಯಲ್ಲೇ ನೋಡಬಹುದು. 2019ರ ಫೆಬ್ರವರಿಯಲ್ಲಿ ಈ ಫ್ಲೂ ಬ್ರಿಟನ್ನಿನ ಕುದುರೆ ರೇಸುಗಳನ್ನೇ ಆರು ದಿನ ನಿಲ್ಲಿಸಿತ್ತು. ಬೆಂಗಳೂರಿನ ಹೊರವಲಯದ ತೋಟಗಳಲ್ಲಿ ಇಂಥ ಅಂಕಣ ಇಟ್ಟುಕೊಂಡವರು ಈ ಪಟ್ಟಿಗೆ ಗ್ಲ್ಯಾಂಡರ್ಸ್ ರೋಗವನ್ನೂ ಸೇರಿಸಿಕೊಳ್ಳಬೇಕು. ಅದು ಮನುಷ್ಯರಿಗೂ ಅಂಟುವ, ಭಾರತದಲ್ಲಿ 2009ರ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ.

ನೆಲವೇ ಅಂಕಣದ ಜೀವ

ನೆರೆಯವರೊಂದಿಗೆ ಮನಸ್ತಾಪ ಬರುವುದು ಬಹುಮಟ್ಟಿಗೆ ನೆಲದ ವಿಷಯಕ್ಕೇ. ಅಂಕಣದ ತಳದಲ್ಲಿ ನೀರು ಬಸಿಯುವ ಕೊಳವೆಗಳು, ಅದರ ಮೇಲೆ ಜಲ್ಲಿಯ ಪದರ, ಜಲ್ಲಿಯೂ ಮರಳೂ ಬೆರೆಯದಂತೆ ಒಂದು ಬಟ್ಟೆ, ಅದರ ಮೇಲೆ ಸುಮಾರು 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಸಿಲಿಕಾ ಮರಳು. ಆ ಮರಳಿಗೆ ಬಟ್ಟೆಯ ನಾರನ್ನೋ ರಬ್ಬರಿನ ಚೂರನ್ನೋ ಬೆರೆಸಿರುತ್ತಾರೆ. ಇದನ್ನು ಹೊಸದಾಗಿ ಹಾಕಿಸುವ ಖರ್ಚು ಸಾವಿರಾರು ಪೌಂಡ್. ಸವಾರರೆಲ್ಲ ಬೇಲಿಯ ಪಕ್ಕದ ಒಂದೇ ಜಾಡಿನಲ್ಲಿ ಸುತ್ತಿದರೆ ಅಲ್ಲಿ ಕಾಲುವೆಯಂತೆ ತಗ್ಗಾಗಿ, ಮರಳೆಲ್ಲ ಅಂಚಿನ ಹಲಗೆಗೆ ಒತ್ತಿ ರಾಶಿಯಾಗುತ್ತದೆ. ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ಸುತ್ತಲೂ ಓಡಿಸುವ ಲಂಜಿಂಗ್ ಮಾಡುವವರು ಇನ್ನೂ ಬೇಗ ಹಾಳುಮಾಡುತ್ತಾರೆ, ಒಂದೇ ವೃತ್ತದಲ್ಲಿ ಹೊರಗಾಲು ಒತ್ತುವುದರಿಂದ ನೆಲ ತಟ್ಟೆಯಂತೆ ಗುಂಡಗೆ ತಗ್ಗುತ್ತದೆ. ನನ್ನನ್ನು ಕೇಳಿದರೆ ಸವಾರಿಗೆ ಉದಾರವಾಗಿ ಅನುಮತಿ ಕೊಡಿ, ಲಂಜಿಂಗಿಗೆ ಕೊಡಬೇಡಿ. ಕೊಟ್ಟರೂ ಪ್ರತಿ ಸಲ ಜಾಗ ಬದಲಿಸಬೇಕೆಂದು ಬರೆಯಿರಿ. ಕುದುರೆಯನ್ನು ಸವಾರರಿಲ್ಲದೆ ಅಂಕಣದೊಳಗೆ ಬಿಟ್ಟು ಕುಣಿಯಲು ಬಿಡುವುದಕ್ಕೆ ಅವಕಾಶವೇ ಬೇಡ. ಅದು ಹೊರಳಾಡಿ, ಮೂಲೆಯಲ್ಲಿ ಕೆದಕಿ, ತಳದ ಬಟ್ಟೆಯನ್ನು ಎಳೆದು ಹಾಕುತ್ತದೆ, ಒಮ್ಮೆ ಮೇಲೆದ್ದ ಆ ಬಟ್ಟೆಯನ್ನು ಮತ್ತೆ ಹೂಳುವುದು ಸುಲಭದ ಕೆಲಸವಲ್ಲ.

ಲದ್ದಿಯ ನಿಯಮಕ್ಕೆ ವಿನಾಯಿತಿಯೇ ಇರಬಾರದು. ಬಿದ್ದ ಲದ್ದಿಯ ಮೇಲೆ ಇನ್ನೊಂದು ಸುತ್ತು ಬಂದರೆ ಅದು ಪುಡಿಯಾಗಿ ಮರಳಿನಲ್ಲಿ ಬೆರೆಯುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಏಳುತ್ತದೆ, ಮಳೆಗಾಲದಲ್ಲಿ ಬಸಿಯುವ ದಾರಿಯನ್ನು ಕಟ್ಟುತ್ತದೆ. ಗೇಟಿನ ಬಳಿ ಒಂದು ಸಲಿಕೆ, ಒಂದು ಬುಟ್ಟಿ, ಗೊರಸು ಕೆರೆಯುವ ಕೊಕ್ಕೆಯೊಂದನ್ನು ದಾರಕ್ಕೆ ಕಟ್ಟಿ ತೂಗುಹಾಕಿ. ಒಳಗೆ ಬರುವ ಮೊದಲು ಗೊರಸು ಕೆರೆದರೆ ಹೊಲದ ಕೆಸರೂ ಕಲ್ಲೂ ಒಳಗೆ ಬರುವುದಿಲ್ಲ. ಹೊರಗೆ ಹೋಗುವಾಗ ಕೆರೆದರೆ ನಿಮ್ಮ ದುಬಾರಿ ಮರಳು ಓಣಿಯ ಪಾಲಾಗುವುದಿಲ್ಲ. ಹೆಪ್ಪುಗಟ್ಟಿದ ದಿನ ಮೇಲೆ ಮೆತ್ತಗೆ ಕಂಡರೂ ಒಳಗೆ ಕಲ್ಲಿನಂತಿರುವುದುಂಟು, ಆಗ ಕುದುರೆಯ ಕಾಲಿಗೂ ನೆಲಕ್ಕೂ ಕೇಡು. ಆ ಬೆಳಿಗ್ಗೆ ಗೇಟಿಗೆ ಸರಪಣಿ ಹಾಕಿ, ಮೊಬೈಲಿನಲ್ಲಿ ಒಂದು ಸಾಲು ತಿಳಿಸಿ.

ಸವಾರಿಯ ಶಿಸ್ತು

ಅನುಭವಿ ಸವಾರರಿಗೆ ಇದನ್ನೆಲ್ಲ ಹೇಳಬೇಕಿಲ್ಲ, ಆದರೂ ಗೇಟಿನ ಮೇಲೆ ಬರೆದು ಅಂಟಿಸುವುದು ಒಳ್ಳೆಯದು. ಗೇಟು ತೆರೆಯುವ ಮುನ್ನ ಒಳಗಿರುವವರನ್ನು ಕೂಗಿ ಕೇಳಬೇಕು. ಎದುರುಬದರು ಬಂದಾಗ ಎಡಗೈಗೆ ಎಡಗೈ ಆಗುವಂತೆ ದಾಟಬೇಕು. ನಡಿಗೆಯಲ್ಲಿರುವ ಕುದುರೆ ಬೇಲಿಯಂಚಿನ ಜಾಡನ್ನು ವೇಗದಲ್ಲಿರುವವರಿಗೆ ಬಿಡಬೇಕು. ಪಿಎಎಸ್ 015 ಅಥವಾ ವಿಜಿ1 ಮಾನದಂಡದ ಹೆಲ್ಮೆಟ್ ಇಲ್ಲದೆ ಯಾರೂ ಕುದುರೆ ಹತ್ತಬಾರದು, ವಯಸ್ಸು ಅನುಭವ ಎಷ್ಟೇ ಇರಲಿ. ಹದಿನೆಂಟರ ಒಳಗಿನವರು ಬಂದಾಗ ಅವರ ಮನೆಯ ದೊಡ್ಡವರೊಬ್ಬರು ಬೇಲಿಯ ಬಳಿ ನಿಂತಿರಲಿ. ನೀವು ಮನೆಯೊಳಗಿದ್ದೀರಿ ಎಂಬುದನ್ನು ಮೇಲ್ವಿಚಾರಣೆಯೆಂದು ಯಾರೂ ಭಾವಿಸದಂತೆ ಪತ್ರದಲ್ಲೇ ಬರೆಯಿರಿ. ಜಿಗಿತದ ಕಂಬಗಳನ್ನು ಬಳಸಲು ಬಿಡುವುದಾದರೆ ಒಂದು ಸಣ್ಣ ವಿಷಯದಲ್ಲಿ ಹಟ ಹಿಡಿಯಿರಿ: ಅಡ್ಡಕಂಬ ತೆಗೆದ ಮೇಲೆ ಅದನ್ನು ಹಿಡಿದಿಡುವ ಕೊಕ್ಕೆಬಟ್ಟಲುಗಳನ್ನೂ ಕಳಚಿಡಬೇಕು. ಖಾಲಿ ನಿಂತ ಆ ಲೋಹದ ಬಟ್ಟಲಿಗೆ ಬಿದ್ದ ಸವಾರರ ಪಕ್ಕೆಯೋ ಕುದುರೆಯ ತೊಡೆಯೋ ಸಿಕ್ಕಿದರೆ ಸೀಳಿಬಿಡುತ್ತದೆ.

ಒಬ್ಬರೇ ಸವಾರಿಗೆ ಬರುವವರು ಫೋನನ್ನು ಜೀನಿನ ಚೀಲದಲ್ಲಿಡದೆ ತಮ್ಮ ಜೇಬಿನಲ್ಲಿಡಲಿ. ಬಿದ್ದಾಗ ಕುದುರೆ ಒಂದು ಕಡೆ, ಫೋನು ಅದರ ಜೊತೆ ಇನ್ನೊಂದು ಕಡೆ ಆಗಬಾರದು. ಹಳ್ಳಿಗಾಡಿನ ಪೋಸ್ಟ್‌ಕೋಡ್ ಒಂದು ಮೈಲಿಯ ಹರವಿನ ಹಲವು ಮನೆಗಳಿಗೆ ಒಂದೇ ಇರುವುದರಿಂದ, ಅಂಕಣದ ಗೇಟಿನ ವಾಟ್‌ತ್ರೀವರ್ಡ್ಸ್ ವಿಳಾಸವನ್ನೂ (ಜಾಗವನ್ನು ಮೂರು ಪದಗಳಲ್ಲಿ ಗುರುತಿಸುವ ವಿಳಾಸ) ಪೋಸ್ಟ್‌ಕೋಡನ್ನೂ ದೊಡ್ಡಕ್ಷರದಲ್ಲಿ ಬರೆದು ಹಾಕಿ. ತುರ್ತು ಸೇವೆಯ 999ಕ್ಕೆ ಕರೆ ಮಾಡುವವರು ಆ ಗಾಬರಿಯಲ್ಲಿ ಓದಿ ಹೇಳಿದರೆ ಸಾಕು. ಸಣ್ಣ ಗಾಯವಾದರೂ ತಾರೀಖು, ಹೊತ್ತು, ನೆಲದ ಸ್ಥಿತಿ, ಯಾರಿದ್ದರು ಎಂಬುದನ್ನು ಅದೇ ದಿನ ಒಂದು ನೋಟ್‌ಪುಸ್ತಕದಲ್ಲಿ ಬರೆದು, ಬೇಲಿಯ ಚಿತ್ರ ತೆಗೆದಿಡಿ.

ನಿಲ್ಲಿಸುವಾಗ

ಏರ್ಪಾಡನ್ನು ನಿಲ್ಲಿಸಬೇಕಾದ ದಿನ ಬಂದರೆ ಜಗಳದ ಬಿಸಿಯಲ್ಲಿ ಗೇಟಿನ ಬಳಿ ನಿಲ್ಲಿಸಬೇಡಿ. ಪತ್ರದಲ್ಲಿರುವ ಎರಡು ವಾರದ ಮುನ್ಸೂಚನೆಯನ್ನು ಬರಹದಲ್ಲಿ ಕೊಟ್ಟು, ಕಾರಣ ಹೇಳುವುದಾದರೆ ಒಂದೇ ಸಾಲಿನಲ್ಲಿ ಹೇಳಿ, ಆ ದಿನ ಕಳೆದ ಮೇಲೆ ಗೇಟಿನ ಬೀಗದ ಸಂಖ್ಯೆಯನ್ನು ಬದಲಿಸಿ. ಬೀಗಕ್ಕೆ ಕೀಲಿಗಿಂತ ಸಂಖ್ಯೆಯೇ ಇರಲಿ ಎನ್ನುವುದು ಈ ಕಾರಣಕ್ಕೇ. ಅನುಮತಿ ಹಿಂಪಡೆದ ಮೇಲೂ ಒಳಗೆ ಬರುವವರು ಅತಿಕ್ರಮಣಕಾರರು. ಹಾಗೆಂದು ಅವರ ವಿಷಯದಲ್ಲಿ ನಿಮಗೆ ಹೊಣೆಯೇ ಇಲ್ಲವೆಂದಲ್ಲ, 1984ರ ಆಕ್ಯುಪೈಯರ್ಸ್ ಲಯಬಿಲಿಟಿ ಕಾಯ್ದೆ ಅಂಥವರ ಬಗೆಗೂ ಒಂದು ಮಟ್ಟದ ಎಚ್ಚರಿಕೆಯನ್ನು ಬಯಸುತ್ತದೆ.

ಅನುಮತಿ ಪತ್ರಗಳು, ವಿಮೆಯ ಪ್ರತಿಗಳು, ಮುನ್ಸೂಚನೆ ಎಲ್ಲವನ್ನೂ ಮನೆಪತ್ರಗಳ ಕಡತದಲ್ಲೇ ಇಡಿ. ಮುಂದೆ ಮನೆ ಮಾರುವಾಗ ನೀವು ತುಂಬಬೇಕಾದ ಟಿಎ6 ಎಂಬ ನಮೂನೆಯಲ್ಲಿ, ನಿಮ್ಮ ಆಸ್ತಿಯ ಮೇಲೆ ಬೇರೆಯವರಿಗೆ ಹಕ್ಕುಗಳಾಗಲಿ ಅನೌಪಚಾರಿಕ ಏರ್ಪಾಡುಗಳಾಗಲಿ ಇವೆಯೇ ಎಂಬ ಪ್ರಶ್ನೆ ಇದೆ. ಕೊಳ್ಳುವವರ ವಕೀಲರು ಅದಕ್ಕೆ ಉತ್ತರ ಕೇಳುವಾಗ, ವರ್ಷವರ್ಷವೂ ಸಹಿಯಾದ, ರದ್ದು ಮಾಡಬಹುದಾದ ವೈಯಕ್ತಿಕ ಅನುಮತಿ ಮಾತ್ರ ಇತ್ತೆಂದು ತೋರಿಸಲು ಆ ಒಂದು ಪುಟದ ಪತ್ರಗಳೇ ಸಾಕು.